ಬ್ರೆಡ್ಡು ಬಡಿಸುತ್ತ ಕಲಿಸಿದ ಡಚ್

ಸಾಂಟಾ ಕ್ಲಾರಾದ ಕನ್ನಡ ತರಗತಿಗೆ ಪಾಠ ಹೇಳಲು ಹೊಸದಾಗಿ ಸೇರಿದ ಮೂವರು ಹುಡುಗಿಯರು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದರು. ಹುಡುಗಿಯರು ಎಂದರೆ ನನ್ನ ಲೆಕ್ಕದಲ್ಲಿ. ಅವರಲ್ಲೊಬ್ಬಳಿಗೆ ಆಗಲೇ ಎರಡು ಮಕ್ಕಳಿವೆ. ವಾರವೆಲ್ಲ ಆಫೀಸು, ಭಾನುವಾರ ಪಾಠ. "ಆಂಟಿ, ನೀವು ಹದಿನೇಳು ವರ್ಷ ಡಚ್ ಹೇಳ್ಕೊಟ್ಟಿದೀರಂತೆ. ನಮ್ ಕ್ಲಾಸಲ್ಲಿ ಮಕ್ಕಳು ಬಾಯೇ ಬಿಡಲ್ಲ. ಎಲ್ಲಾ ಅರ್ಥ ಆಗತ್ತೆ, ಆನ್ಸರ್ ಮಾತ್ರ ಇಂಗ್ಲಿಷಲ್ಲೇ. ಏನ್ ಮಾಡ್ಬೇಕು ಹೇಳಿ," ಎಂದು ಕೇಳಿದರು. ನಾನು ಮಂಡಕ್ಕಿಯ ಗಿರಮಿಟ್ ಮಾಡಿ ಕೊಟ್ಟು, ಎರಡು ಗಂಟೆ ಮಾತಾಡಿ ಕಳಿಸಿದೆ. ಅವರು ಹೋದ ಮೇಲೆ ಯೋಚಿಸಿದರೆ, ಹೇಳಬೇಕಾದದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಬಿಟ್ಟದ್ದನ್ನು ಬರೆದು ಕೊಡೋಣವೆಂದು ಕೂತಿದ್ದೇನೆ.

ಹುಬ್ಬಳ್ಳಿಯವಳು ಡಚ್ ಟೀಚರ್ ಆದದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮವರು ಪ್ರಲ್ಹಾದ, ಚಿಪ್ ತಯಾರಿಸುವ ಯಂತ್ರಗಳ ಎಂಜಿನಿಯರು. ಮದುವೆಯಾದ ವರ್ಷವೇ ನೆದರ್ಲೆಂಡಿನ ಐಂಡ್‌ಹೋವನ್‌ಗೆ ಹೋದೆವು, ಹನ್ನೊಂದು ವರ್ಷ ಅಲ್ಲಿದ್ದೆವು. ಅಲ್ಲಿ ನಾನು ಮೊದಲು ಸಂತೆಯಲ್ಲಿ ಡಚ್ ಕಲಿತೆ, ಆಮೇಲೆ ಪರೀಕ್ಷೆ ಕಟ್ಟಿ ಕಲಿತೆ, ಕೊನೆಗೆ ಒಂದು ಡೇಕೇರ್‌ನಲ್ಲಿ ಮಕ್ಕಳ ಮೂಗು ಒರೆಸುತ್ತ ಸರಿಯಾಗಿ ಕಲಿತೆ. ನಂತರ ನಮ್ಮವರಿಗೆ ಇಲ್ಲಿ ಅಮೆರಿಕಕ್ಕೆ ವರ್ಗವಾಯಿತು. ಇಲ್ಲಿ ಕಂಪನಿಗಳಲ್ಲಿ ಡಚ್ಚರು ಬಹಳ. ಅವರ ಮಕ್ಕಳು ಅಮೆರಿಕನ್ನರಾಗಿ ಬೆಳೆಯುತ್ತಿದ್ದರು. ಅಪ್ಪ ಅಮ್ಮಂದಿರು ಸೇರಿ ಒಂದು ಪ್ರೈಮರಿ ಶಾಲೆಯ ಮೂರು ಕೋಣೆಗಳನ್ನು ಬಾಡಿಗೆಗೆ ಹಿಡಿದು ಶನಿವಾರ ಬೆಳಿಗ್ಗೆ ಡಚ್ ಪಾಠ ನಡೆಸುತ್ತಿದ್ದರು. ಕಲಿಸುವವರು ಸಾಲದೆ ನನ್ನನ್ನು ಕರೆದರು. ಮೊದಲ ದಿನ ಒಬ್ಬ ತಾಯಿ ನನ್ನನ್ನು ಆಯಾ ಎಂದುಕೊಂಡು ಕೋಟು ಕೊಟ್ಟು ಹೋದಳು. ನಾನು ಕೋಟನ್ನು ಗೂಟಕ್ಕೆ ಹಾಕಿ ಪಾಠ ಶುರುಮಾಡಿದೆ.

ನನಗೆ ಸಿಕ್ಕಿದ್ದು ಐದರಿಂದ ಏಳು ವರ್ಷದ ಮಕ್ಕಳು. ಮೊದಲ ಎರಡು ತಿಂಗಳು ಚಿತ್ರದ ಕಾರ್ಡುಗಳನ್ನು ಹಿಡಿದು ಕುಣಿದೆ. ಸೇಬಿನ ಚಿತ್ರ ತೋರಿಸಿದರೆ ಮಕ್ಕಳು ಆಕಳಿಸುತ್ತಿದ್ದವು. ಒಂದು ಶನಿವಾರ ಬಿಡುವಿನಲ್ಲಿ ನಾನು ನನ್ನ ಡಬ್ಬಿ ತೆಗೆದು ಚಪಾತಿ ತಿನ್ನಲು ಕೂತೆ. ಆಕಳಿಸುತ್ತಿದ್ದವರೆಲ್ಲ ಸುತ್ತ ನೆರೆದರು. ಅದೇನು, ಇದೇನು, ಖಾರವಾ, ನನಗೂ ಸ್ವಲ್ಪ. ಎರಡು ತಿಂಗಳಲ್ಲಿ ಕೇಳದಷ್ಟು ಡಚ್ಚನ್ನು ಹತ್ತು ನಿಮಿಷದಲ್ಲಿ ಕೇಳಿದೆ. ಮುಂದಿನ ವಾರ ಕಾರ್ಡುಗಳನ್ನು ಮನೆಯಲ್ಲೇ ಬಿಟ್ಟು, ಬ್ರೆಡ್ಡು, ಚೀಸು, ಸೇಬು, ಹಾಲು ಹೊತ್ತುಕೊಂಡು ಹೋದೆ.

ಅಲ್ಲಿಂದ ಪ್ರತಿ ಶನಿವಾರ ಒಂದು ತಿನಿಸು, ಅದರ ಸುತ್ತ ಹತ್ತು ಮಾತು. ಬ್ರೆಡ್ಡಿನ ಹೊರಪದರಕ್ಕೊಂದು ಮಾತು, ಒಳಗಿನ ಮೆತ್ತನೆಯದಕ್ಕೊಂದು. ಡಚ್ಚರ ಮನೆಗಳಲ್ಲಿ ಮೊದಲ ಬ್ರೆಡ್ಡಿನ ಮೇಲೆ ಚೀಸಿನಂಥ ಉಪ್ಪಿನದೇ ಹಾಕಿ ತಿನ್ನಬೇಕು, ಸಿಹಿ ಏನಿದ್ದರೂ ಎರಡನೆಯದಕ್ಕೆ. ಆ ಸಿಹಿಯ ರಾಜನೆಂದರೆ ಹಾಗಲ್‌ಸ್ಲಾಗ್. ಜೀರಿಗೆಗಿಂತ ಸ್ವಲ್ಪ ದಪ್ಪಗಿರುವ ಚಾಕೊಲೇಟ್ ಕಾಳುಗಳು. ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ಮಕ್ಕಳಷ್ಟೇ ಅಲ್ಲ, ಬ್ಯಾಂಕಿನ ಮ್ಯಾನೇಜರೂ ತಿನ್ನುತ್ತಾನೆ. ನಾನು ಮೊದಲ ಸಲ ನೋಡಿದಾಗ ಅಯ್ಯೋ, ಇದೂ ಒಂದು ತಿಂಡಿಯೇ ಎಂದುಕೊಂಡಿದ್ದೆ. ಈಗ ಮನೆಯಲ್ಲಿ ಒಂದು ಡಬ್ಬಿ ಇಲ್ಲದಿದ್ದರೆ ನನಗೇ ಸಮಾಧಾನವಿಲ್ಲ.

ಮಾಡಿದ ಎಡವಟ್ಟುಗಳಿಗೆ ಕೊನೆಯಿಲ್ಲ. ಶೇಂಗಾ ಬೆಣ್ಣೆ ಡಚ್ಚರಿಗೆ ಪ್ರಾಣ. ನಾನೋ ಶೇಂಗಾ ಚಟ್ನಿಯಿಲ್ಲದೆ ತುತ್ತು ಇಳಿಯದ ಊರಿನವಳು. ಮಕ್ಕಳಿಗೆ ಹೋಲಿಸಿ ತೋರಿಸೋಣವೆಂದು ಒಂದು ಬಾಟಲಿ ಶೇಂಗಾ ಬೆಣ್ಣೆ, ಒಂದು ಡಬ್ಬಿ ನಮ್ಮ ಚಟ್ನಿಪುಡಿ ಎರಡನ್ನೂ ಒಯ್ದೆ. ಶೇಂಗಾ ಬಾಗಿಲೊಳಗೆ ಬರಬಾರದ ವಸ್ತು ಎಂದು ಆ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ವಾರವಾರವೂ ಓದಿದ್ದೆ, ಆದರೆ ನನ್ನ ಮನಸ್ಸಿಗೆ ಅದು ಬೇರೆ ಯಾರಿಗೋ ಹೇಳಿದ್ದು ಎಂಬಂತಿತ್ತು. ಶೇಂಗಾ ತಿಂದರೆ ಕೆಲವು ಮಕ್ಕಳ ಜೀವಕ್ಕೇ ಅಪಾಯ ಎಂಬುದನ್ನು ಹುಬ್ಬಳ್ಳಿಯ ತಲೆ ಹೇಗೆ ನಂಬಬೇಕು? ಮುಚ್ಚಳ ತೆರೆಯುವ ಮೊದಲೇ ಮುಖ್ಯಸ್ಥೆ ಮರಿಕೆ ಒಳಗೆ ಬಂದಳು, ಪುಣ್ಯ. ಎರಡನ್ನೂ ಕಸಿದುಕೊಂಡು ಹೋಗಿ ತನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟಳು. ಮೇಜನ್ನೂ ನನ್ನ ಕೈಗಳನ್ನೂ ಮೂರು ಸಲ ತೊಳೆಸಿದಳು. ಆಗ ಮೈ ಉರಿದಿತ್ತು. ಆ ತರಗತಿಯಲ್ಲೇ ಶೇಂಗಾ ಆಗದ ಮಗುವೊಂದಿತ್ತು ಎಂದು ಸಂಜೆ ಮಕ್ಕಳನ್ನು ಸೇರಿಸುವಾಗ ತುಂಬಿಸಿದ ಫಾರ್ಮು ನೋಡಿದಾಗ ತಿಳಿಯಿತು. ಅವತ್ತು ನನಗೆ ಊಟ ಸೇರಲಿಲ್ಲ. ಫಾರ್ಮು ಓದದೆ ತಿನಿಸು ಮುಟ್ಟಬೇಡಿ. ಇದು ನನ್ನ ಮೊದಲ ಬುದ್ಧಿಮಾತು.

ಮರಿಕೆಯ ಬಗ್ಗೆ ಹೇಳಬೇಕು. ಉದ್ದ ಕಾಲಿನ, ನೆರೆತ ಗಿಡ್ಡ ಕೂದಲಿನ ಹೆಂಗಸು. ಹತ್ತು ಗಂಟೆ ಎಂದರೆ ಹತ್ತೇ ಗಂಟೆ. ನನ್ನ ಪಾಠ ಚೆನ್ನಾಗಿತ್ತೆಂದು ಹದಿನೇಳು ವರ್ಷದಲ್ಲಿ ಒಮ್ಮೆಯೂ ಹೇಳಲಿಲ್ಲ. ಚೆನ್ನಾಗಿಲ್ಲದಾಗ ಆ ಕ್ಷಣವೇ, ಎಲ್ಲರ ಮುಂದೆ ಹೇಳುತ್ತಿದ್ದಳು. ತಿನಿಸಿನ ಪಾಠಕ್ಕೆ ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಮಗು ಡಚ್ಚಿನಲ್ಲಿ ಕೇಳಬೇಕು, ಆಮೇಲೆ ಕೊಡಬೇಕು. "ನನಗೆ ಚೀಸು ಸಿಗಬಹುದಾ, ದಯವಿಟ್ಟು" ಎಂಬ ಪೂರ್ತಿ ವಾಕ್ಯ. ಇಂಗ್ಲಿಷು ಬಾಗಿಲಾಚೆ. ಕೇಳದಿದ್ದರೆ ತಟ್ಟೆ ಖಾಲಿ. ಆ ನಿಯಮ ಕೆಲಸ ಮಾಡಿತು, ಸುಳ್ಳು ಹೇಳುವುದಿಲ್ಲ. ಹಸಿದ ಮಕ್ಕಳು ವ್ಯಾಕರಣವನ್ನು ಬೇಗ ಕಲಿಯುತ್ತಾರೆ.

ಕೊರೊನಾ ಕಾಲದಲ್ಲಿ ಎಲ್ಲರೂ ಅವರವರ ಅಡುಗೆಮನೆಯಿಂದ ಝೂಮ್ ಪಾಠಕ್ಕೆ ಕೂರುತ್ತಿದ್ದರು. ಎಮರಿವಿಲ್‌ನ ಅಪಾರ್ಟ್‌ಮೆಂಟಿನ ಒಬ್ಬ ಹುಡುಗಿ ಚೀಸನ್ನು ಕ್ಯಾಮರಾಕ್ಕೇ ಒತ್ತಿಬಿಟ್ಟು, ಆ ತಿಂಗಳೆಲ್ಲ ನಮಗೆ ಮಬ್ಬುಮಬ್ಬಾಗಿ ಕಂಡಳು. ಪದಗಳನ್ನು ಕಲಿತರು, ನಿಜ. ಆದರೆ ಒಬ್ಬರಿಗೊಬ್ಬರು ಏನನ್ನೂ ಕೊಡಲಾಗದ ಮೇಲೆ ಅದು ನನ್ನ ಪಾಠವಾಗಿರಲಿಲ್ಲ.

ಮತ್ತೆ ಕೋಣೆಗಳಿಗೆ ಮರಳಿದ ಮೊದಲ ಸೆಪ್ಟೆಂಬರಿನಲ್ಲಿ ಮೀರಾ ಬಂದಳು. ಆರು ವರ್ಷ. ಅಪ್ಪ ಯೂಸ್ಟ್ ಡಚ್ಚರವನು, ಅಮ್ಮ ಶಿಲ್ಪಾ ಮೈಸೂರಿನ ಡಾಕ್ಟರು. ಡ್ಯಾನ್‌ವಿಲ್‌ನಿಂದ ಒಂದು ಗಂಟೆ ಫ್ರೀವೇಯಲ್ಲಿ ಕರೆತರುತ್ತಿದ್ದರು. ಅಪ್ಪ ಡಚ್ಚಿನಲ್ಲಿ, ಅಮ್ಮ ಕನ್ನಡದಲ್ಲಿ ಮಾತಾಡಿಸುವರು, ಮಗು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ನನ್ನ ಕೋಣೆಯಲ್ಲಿ ಇಂಗ್ಲಿಷಿಗೆ ಜಾಗವಿರಲಿಲ್ಲವಾದ್ದರಿಂದ ಅಲ್ಲಿ ಅವಳು ಮಾತೇ ಆಡಲಿಲ್ಲ.

ಶಿಲ್ಪಾ ಮೊದಲ ವಾರವೇ ನನ್ನನ್ನು ಪಾರ್ಕಿಂಗ್ ಲಾಟಿನಲ್ಲಿ ಹಿಡಿದು ನಿಲ್ಲಿಸಿದಳು. "ಆಂಟಿ, ನೀವು ಕನ್ನಡದವರು ಅಂತ ಗೊತ್ತಾಗಿ ಎಷ್ಟ್ ಧೈರ್ಯ ಬಂತು ಗೊತ್ತಾ? ನಮ್ಮತ್ತೆ ಮೇ ತಿಂಗಳಲ್ಲಿ ನೆದರ್ಲೆಂಡಿಂದ ಬರ್ತಿದಾರೆ. ಅವ್ರಿಗೆ ಡಚ್ ಬಿಟ್ರೆ ಇಂಗ್ಲಿಷ್ ಒಂದಕ್ಷರ ಬರಲ್ಲ. ಹಾರ್ಟ್ ಪ್ರಾಬ್ಲಮ್ ಇದೆ, ಇನ್ನೊಂದ್ ಸಲ ಇಷ್ಟು ಲಾಂಗ್ ಫ್ಲೈಟ್ ಬೇಡ ಅಂದಿದಾರೆ ಡಾಕ್ಟ್ರು. ವಿಡಿಯೋ ಕಾಲಲ್ಲಿ ಇವ್ಳು ಹಾಯ್ ಅಂದು ಓಡೋಗ್ತಾಳೆ. ಫೋನ್ ಇಟ್ಮೇಲೆ ಅವ್ರು ಅಳ್ತಾರಂತೆ. ಅವ್ರು ಬರೋಷ್ಟ್ರಲ್ಲಿ ಇವ್ಳು ಅಜ್ಜಿ ಹತ್ರ ನಾಕ್ ಮಾತಾದ್ರೂ ಆಡೋ ಹಾಗ್ ಮಾಡಿ."

"ಮಾಡ್ಸೋಣಂತ, ಚಿಂತಿ ಮಾಡಬ್ಯಾಡ," ಎಂದೆ. ಹನ್ನೆರಡು ವರ್ಷದ ಅನುಭವದ ಜಂಬ ಅದು.

ಮೊದಲ ಶನಿವಾರ ಮೀರಾ ಕೇಳಲಿಲ್ಲ, ತಟ್ಟೆ ಖಾಲಿಯಿತ್ತು. ಎರಡನೆಯ ಶನಿವಾರವೂ ಹಾಗೆಯೇ. ಸುತ್ತ ಎಂಟು ಮಕ್ಕಳು ಬಾಯಿಗೆ ಬೆಣ್ಣೆ ಬಳಿದುಕೊಂಡು ತಿನ್ನುತ್ತಿದ್ದಾರೆ, ಇವಳು ಕೈ ಮಡಿಚಿಕೊಂಡು ಕೂತಿದ್ದಾಳೆ. ಖಾಲಿ ತಟ್ಟೆಯ ಮುಂದೆ ಕೂತ ಮಗುವನ್ನು ನೋಡಿಕೊಂಡು ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಮೂರನೆಯ ವಾರ, ಯಾರೂ ನೋಡದಾಗ, ಒಂದು ಚೀಸು ಬ್ರೆಡ್ಡನ್ನು ಅವಳ ತಟ್ಟೆಗೆ ಸರಿಸಿದೆ. ತಿಂದಳು. ನನ್ನ ಹೊಟ್ಟೆ ತಣ್ಣಗಾಯಿತು. ಅಲ್ಲಿಂದ ಪ್ರತಿ ವಾರವೂ ಸರಿಸಿದೆ. ಅವಳು ನನ್ನನ್ನು ನೋಡಿ ನಗುತ್ತಿದ್ದಳು, ನಾನು ಅದನ್ನೇ ಪಾಠವೆಂದು ತಿಳಿದೆ.

ಫೆಬ್ರುವರಿಯಲ್ಲಿ ಮರಿಕೆ ಬಾಗಿಲ ಗಾಜಿನಿಂದ ನೋಡಿಬಿಟ್ಟಳು. ತರಗತಿ ಮುಗಿದ ಮೇಲೆ ಬಂದು ಕೇಳಿದಳು. "ಇದು ಎಷ್ಟು ದಿನದಿಂದ ನಡೆದಿದೆ?"

"ಮಗು ಹಸಿದಿತ್ತು," ಎಂದೆ.

"ಹಸಿದಿರಲಿಲ್ಲ. ಮನೆಯಲ್ಲಿ ತಿಂದೇ ಬರುತ್ತಾಳೆ. ಬಾಯಿ ಬಿಡದೆಯೇ ಸಿಗುತ್ತದೆ ಎಂದಮೇಲೆ ಅವಳು ಯಾಕೆ ಬಾಯಿ ಬಿಡಬೇಕು? ಐದು ತಿಂಗಳನ್ನು ನೀನು ಹಾಳು ಮಾಡಿದ್ದೀಯ, ವತ್ಸಲಾ. ಅವಳ ಅಜ್ಜಿಯ ಐದು ತಿಂಗಳು ಅವು."

ಕೋಪ ಬಂತು, ಆದರೆ ಅವಳು ಹೇಳಿದ್ದು ನಿಜವಾಗಿತ್ತು. ಕರುಣೆ ಅಂತ ನಾನು ಮಾಡಿದ್ದು, ಖಾಲಿ ತಟ್ಟೆ ನೋಡಲಾಗದ ನನ್ನ ಸಂಕಟವನ್ನು ಕಳೆದುಕೊಳ್ಳಲು ಮಾಡಿದ್ದು. ಮಗುವಿಗಾಗಿ ಅಲ್ಲ.

ಆಮೇಲೆ ಎರಡು ಶನಿವಾರ ಕಲ್ಲಾಗಿ ನಿಯಮ ಪಾಲಿಸಿದೆ. ಮೀರಾ ನನ್ನತ್ತ ನೋಡಿದಳು, ತಟ್ಟೆಯತ್ತ ನೋಡಿದಳು, ಮತ್ತೆ ನನ್ನತ್ತ ನೋಡಿದಳು. ನಾನು ಮುಖ ತಿರುಗಿಸಿದೆ. ಎರಡನೆಯ ವಾರ ಅವಳ ಕಣ್ಣಲ್ಲಿ ನೀರು ತುಂಬಿತು, ಆದರೂ ಮಾತು ಬರಲಿಲ್ಲ. ಸಂಜೆ ಶಿಲ್ಪಾ ಫೋನು ಮಾಡಿದಳು. "ಆಂಟಿ, ಇನ್ಮೇಲೆ ಬರಲ್ಲ ಅಂತ ಹಟ ಮಾಡ್ತಿದಾಳೆ. ಟೀಚರ್ ಡಸಂಟ್ ಲೈಕ್ ಮಿ ಅಂತಾಳೆ. ಏನಾಯ್ತು?" ಒಂದು ವಾರ ಸಮಯ ಕೊಡು ಎಂದು ಕೇಳಿಕೊಂಡೆ. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ನಮ್ಮವರಿಗೆ ಊಟ ಬಡಿಸುತ್ತಿದ್ದೆ. ತಲೆಯೆಲ್ಲ ಆ ಮಗುವಿನ ಕಡೆಗೇ ಇತ್ತು. ಅನ್ನ ಹಾಕುತ್ತಲೇ ಹೋದೆ. ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದು ಒದರಿದರು. "ಸಾಕ ಅಂದ್ನಿಲ್ಲ? ಎಷ್ಟ ಸಲ ಹೇಳ್ಬೇಕು ನಿನಗ? ಮೂವತ್ತ ವರ್ಷಾತು, ಬ್ಯಾಡ ಅಂದ್ರ ತಿಳ್ಯೂದ ಇಲ್ಲ!"

"ಬೇಕು ಅಂತ ನೀವು ಯಾವಾಗರ ಕೇಳೀರೇನು? ಕೇಳದಿದ್ರ ನಾನ ನೋಡಿ ಹಾಕ್ಬೇಕಲ್ಲ!" ಎಂದೆ.

ಅಂದ ಮೇಲೆ ಸೌಟು ಹಿಡಿದು ಹಾಗೇ ನಿಂತೆ. ನಾನು ಹುಟ್ಟಿ ಬೆಳೆದ ಮನೆಯಲ್ಲೂ ಯಾರೂ ಬೇಕು ಎಂದು ಕೇಳಿ ಉಂಡವರಲ್ಲ. ಬಡಿಸುವವರು ತಾಟು ನೋಡಿ ಹಾಕುವರು, ಉಣ್ಣುವವರು ಸಾಕು ಎಂದು ತಡೆಯುವರು. ಊಟಕ್ಕೆ ಕೂತ ನಮ್ಮ ಮಗು ಮೊದಲು ಕಲಿಯುವುದೇ ತಡೆಯುವುದನ್ನು. ಕೇಳುವುದು ಕಷ್ಟ. ಕೇಳಿದರೆ ಕೊಡುತ್ತಾರೋ ಇಲ್ಲವೋ, ತಪ್ಪು ಹೇಳಿದರೆ ನಗುತ್ತಾರೋ ಏನೋ. ತಡೆಯುವುದಕ್ಕೆ ಆ ಭಯವಿಲ್ಲ. ಮರಿಕೆಯ ನಿಯಮ ಮೀರಾಳನ್ನು ಬೇಡುವ ಜಾಗದಲ್ಲಿ ಕೂರಿಸಿತ್ತು, ನನ್ನ ಕಳ್ಳ ಬ್ರೆಡ್ಡು ಅವಳನ್ನು ಸುಮ್ಮನೆ ಪಡೆಯುವ ಜಾಗದಲ್ಲಿ ಕೂರಿಸಿತ್ತು. ಎರಡರಲ್ಲೂ ಅವಳ ಕೈಯಲ್ಲಿ ಏನೂ ಇರಲಿಲ್ಲ.

ಮುಂದಿನ ಶನಿವಾರ ಹಾಗಲ್‌ಸ್ಲಾಗ್ ಡಬ್ಬಿ ಹಿಡಿದು ನೇರ ಮೀರಾಳ ಹತ್ತಿರ ಹೋದೆ. ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ಅವಳ ಮುಂದಿಟ್ಟು ಕಾಳು ಉದುರಿಸತೊಡಗಿದೆ. ಬ್ರೆಡ್ಡು ಮುಚ್ಚಿತು. ನಿಲ್ಲಿಸಲಿಲ್ಲ. ಗುಡ್ಡೆಯಾಯಿತು, ತಟ್ಟೆಗೆ ಇಳಿಯಿತು, ತಟ್ಟೆ ದಾಟಿ ಮೇಜಿಗೆ ಹರಿಯಿತು. ಮಕ್ಕಳು ಕುಣಿದಾಡಿ ನಕ್ಕರು. ಮೀರಾ ಕಣ್ಣರಳಿಸಿ ನೋಡಿದಳು, ಆಮೇಲೆ ಎರಡೂ ಕೈಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದು ಕೂಗಿದಳು. "ಸಾಕು!"

ನನ್ನ ಕೋಣೆಯಲ್ಲಿ ಅವಳಾಡಿದ ಮೊದಲ ಮಾತು ಅಚ್ಚ ಕನ್ನಡದ್ದು. ಮನೆಯಲ್ಲಿ ಅಮ್ಮನ ಕೈಯನ್ನು ತಡೆದು ಅಭ್ಯಾಸವಾದ ಮಾತು. ಆದರೂ ನಾನು ಡಬ್ಬಿ ಬಗ್ಗಿಸಿಯೇ ಹಿಡಿದಿದ್ದೆ. ಪಕ್ಕದ ಹುಡುಗಿಗೆ ಕನ್ನಡ ಗೊತ್ತಿಲ್ಲದಿದ್ದರೂ ಸಂಗತಿ ಅರ್ಥವಾಗಿತ್ತು. "ಖೆನೂಖ್ ಅನ್ನು! ಖೆನೂಖ್!" ಎಂದು ಡಚ್ಚಿನ ಸಾಕನ್ನು ಕೂಗಿ ಹೇಳಿಕೊಟ್ಟಳು.

"ಖೆನೂಖ್," ಎಂದಳು ಮೀರಾ. ನಾನು ತಕ್ಷಣ ನಿಲ್ಲಿಸಿದೆ.

ಅವಳು ನನ್ನ ಕೈಯನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ ತನ್ನ ಕೈ ಸರಿಸಿದಳು. ನಾನು ಮತ್ತೆ ಉದುರಿಸಿದೆ. "ಖೆನೂಖ್!" ನಿಂತಿತು. ಮತ್ತೆ ಸರಿಸಿದಳು, ಮತ್ತೆ ಉದುರಿತು, ಮತ್ತೆ ನಿಲ್ಲಿಸಿದಳು. ತನ್ನ ಒಂದು ಮಾತಿಗೆ ದೊಡ್ಡವರ ಕೈ ನಿಲ್ಲುತ್ತದೆ ಎಂಬುದು ಅವಳಿಗೆ ಅವತ್ತು ತಿಳಿಯಿತು. ಅದು ತಿಳಿಯುವುದಕ್ಕೆ ನನಗೆ ಹನ್ನೆರಡು ವರ್ಷ ಬೇಕಾಗಿತ್ತು.

ಗಲಾಟೆ ಕೇಳಿ ಮರಿಕೆ ಬಂದಳು. ಮೇಜು, ನೆಲ, ಮಕ್ಕಳ ಕೂದಲು, ಎಲ್ಲೆಲ್ಲೂ ಚಾಕೊಲೇಟ್ ಕಾಳು. "ಇದನ್ನು ಗುಡಿಸುವವರು ಯಾರು?" ಎಂದಷ್ಟೇ ಕೇಳಿದಳು. ನಾನೇ ಗುಡಿಸಿದೆ. ಮುಂದಿನ ವಾರ ಬರುವಾಗ ಅಂಚು ಎತ್ತರವಿರುವ ದೊಡ್ಡದೊಂದು ತಟ್ಟೆಯನ್ನು ತಂದು, ಮಾತಿಲ್ಲದೆ ನನ್ನ ಮೇಜಿನ ಮೇಲಿಟ್ಟು ಹೋದಳು. ಕೆಳಗೆ ಬಿದ್ದದ್ದು ಅದರಲ್ಲಿ ನಿಲ್ಲಲಿ ಎಂದು.

ಅಲ್ಲಿಂದ ನನ್ನ ಪಾಠದ ರೀತಿಯೇ ಬದಲಾಯಿತು. ಮಕ್ಕಳಲ್ಲೇ ವಾರಕ್ಕೊಬ್ಬರು ಬಡಿಸುವವರು. ಬಡಿಸುವವರು "ನೋಖ್ ಮೇರ್?" ಎಂದು, ಅಂದರೆ ಇನ್ನೂ ಬೇಕಾ ಎಂದು ಕೇಳಬೇಕು. ಉಣ್ಣುವವರು ಹೌದು ಎನ್ನಬೇಕು, ಇಲ್ಲ ತಡೆಯಬೇಕು. ಮೀರಾಳಿಗೆ ಬಡಿಸುವ ಹುಚ್ಚು ಹಿಡಿಯಿತು. ಆದರೆ ಏಪ್ರಿಲ್ ಮುಗಿಯುವಾಗಲೂ ಅವಳ ಬಾಯಲ್ಲಿ ಹತ್ತು ಹನ್ನೆರಡು ಮಾತಿಗಿಂತ ಹೆಚ್ಚು ಇರಲಿಲ್ಲ. ಶಿಲ್ಪಾಗೆ ಬೇಸರವಾಗಿತ್ತು. "ಸೆಂಟೆನ್ಸೇ ಬರಲ್ವಲ್ಲ ಆಂಟಿ. ಅವ್ರು ಇರೋದೇ ಮೂರು ವಾರ." ನನ್ನ ತಪ್ಪಿಗೆ ಹೋದ ಐದು ತಿಂಗಳು ನನ್ನ ಮುಂದೆ ಬಂದು ನಿಂತವು. ತಪ್ಪು ನನ್ನದೇ ಎಂದು ಅವಳಿಗೆ ಹೇಳಿಬಿಟ್ಟೆ. ಅವಳು "ಪರ್ವಾಗಿಲ್ಲ ಬಿಡಿ" ಎಂದಳು. ಪರವಾಗಿಲ್ಲ ಎಂದು ಅವಳಿಗೆ ಅನ್ನಿಸಿರಲಿಲ್ಲ, ದನಿಯಲ್ಲಿ ಗೊತ್ತಾಗುತ್ತಿತ್ತು.

ಅಜ್ಜಿ ಬಂದರು. ಮೀರಾ ಮೂರು ದಿನ ಅಮ್ಮನ ಹಿಂದೆಯೇ ಅಡಗಿದಳಂತೆ. ಶನಿವಾರ ಯೂಸ್ಟ್ ತನ್ನ ತಾಯಿಯನ್ನು ತರಗತಿಗೇ ಕರೆತಂದ. ತೆಳ್ಳನೆಯ ಮುದುಕಿ, ಇಸ್ತ್ರಿ ಮಾಡಿದ ನೀಲಿ ಅಂಗಿ, ನೆಟ್ಟಗೆ ಕೂತ ಬೆನ್ನು. ಮಕ್ಕಳ ಪುಟ್ಟ ಕುರ್ಚಿಯ ಮೇಲೆಯೇ ಕೂತರು. ಅವತ್ತು ಬಡಿಸುವ ಸರದಿ ಮೀರಾಳದ್ದು. ಸರದಿಯನ್ನು ನಾನೇ ಹಾಗೆ ಹೊಂದಿಸಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೀರಾ ಸಾಲಾಗಿ ಬಡಿಸುತ್ತ ಬಂದು ಅಜ್ಜಿಯ ಮುಂದೆ ನಿಂತಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು. ನೆಲ ನೋಡಿದಳು. ಬಾಗಿಲ ಬಳಿ ನಿಂತಿದ್ದ ಅಪ್ಪನನ್ನು ನೋಡಿದಳು. ನನಗೆ ಹೋಗಿ ಅವಳ ಪರವಾಗಿ ಮಾತಾಡಿಬಿಡೋಣ ಎನ್ನಿಸಿತು, ಕುರ್ಚಿ ಹಿಡಿದುಕೊಂಡು ಸುಮ್ಮನೆ ನಿಂತೆ. ಕೊನೆಗೆ ಅವಳು ಬ್ರೆಡ್ಡಿನ ಮೇಲೆ ಒಂದು ಚಿಟಿಕೆಯಷ್ಟು ಕಾಳು ಉದುರಿಸಿ, ಕೇಳಿಸಿಯೂ ಕೇಳಿಸದ ಹಾಗೆ ಅಂದಳು. "ನೋಖ್ ಮೇರ್, ಓಮಾ?"

ಇನ್ನೂ ಬೇಕಾ, ಅಜ್ಜಿ?

"ಯಾ, ಮೀರಾ," ಎಂದರು ಅಜ್ಜಿ. ಹೌದು, ಮೀರಾ.

ಇನ್ನಷ್ಟು ಉದುರಿಸಿದಳು. "ನೋಖ್ ಮೇರ್, ಓಮಾ?" ಈ ಸಲ ಎಲ್ಲರಿಗೂ ಕೇಳಿಸಿತು.

"ಯಾ, ಮೀರಾ."

ಯೂಸ್ಟ್ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಅಮ್ಮ ಎರಡನೇ ಸಲ ಏನನ್ನಾದರೂ ಹಾಕಿಸಿಕೊಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ." ಮೂರನೆಯ ಸಲ, ನಾಲ್ಕನೆಯ ಸಲ. ಮೀರಾಳ ದನಿ ಏರುತ್ತ ಹೋಯಿತು, ನಗು ಬಂತು, ಅಜ್ಜಿಯ ತೊಡೆಗೆ ಆತುಕೊಂಡೇ ಉದುರಿಸತೊಡಗಿದಳು. ಅಜ್ಜಿ ಒಂದು ಸಲವೂ ಬೇಡ ಎನ್ನಲಿಲ್ಲ. ಡಬ್ಬಿ ಖಾಲಿಯಾದ ಮೇಲೆಯೇ ಅದು ನಿಂತದ್ದು.

ಪಾಠ ಮುಗಿದು ಮಕ್ಕಳು ಹೊರಗೆ ಓಡಿದರು. ಅಜ್ಜಿ ಮಾತ್ರ ಆ ಗುಡ್ಡೆಯ ಮುಂದೆ ಹಾಗೇ ಕೂತಿದ್ದರು. ಒಂದು ಕಾಳನ್ನೂ ಮುಟ್ಟಿರಲಿಲ್ಲ. ಕಟ್ಟಿಕೊಡಲೇ ಎಂದು ಕೇಳಿದೆ.

"ನನಗೆ ಸಿಹಿ ಸೇರುವುದೇ ಇಲ್ಲ," ಎಂದರು.

"ಹಾಗಾದರೆ ಮೊದಲೇ ಸಾಕು ಅನ್ನಬಹುದಿತ್ತಲ್ಲ. ಆ ಮಾತು ಅವಳಿಗೆ ಚೆನ್ನಾಗಿ ಗೊತ್ತು, ತಕ್ಷಣ ನಿಲ್ಲಿಸುತ್ತಿದ್ದಳು."

ಅವರು ಕರವಸ್ತ್ರದಿಂದ ಕಣ್ಣು ಒತ್ತಿಕೊಂಡರು. "ಅದಕ್ಕೇ ಅನ್ನಲಿಲ್ಲ. ಅಂದಿದ್ದರೆ ಅವಳು ಮುಂದಿನವರ ಹತ್ತಿರ ಹೋಗಿಬಿಡುತ್ತಿದ್ದಳು."